ಒಂದು ಸಾಲಿಗೆ ಎಷ್ಟು ಕನ್ನಡ? ಕಮಾಂಡ್ ಲೈನ್ ಪಠ್ಯ ವಿನ್ಯಾಸ: ಒಂದು ಸಮೀಕ್ಷೆ

ಕನ್ನಡದ ಬರಹವೊಂದನ್ನು ಸಾದಾ ಪಠ್ಯದ ಕಡತವಾಗಿ ಉಳಿಸಿ, ಲಿನಕ್ಸ್ ಟರ್ಮಿನಲ್‌ನಲ್ಲಿ ಎಫ್‌ಎಂಟಿ ಎಂಬ ಕಮಾಂಡಿಗೆ ಕೊಟ್ಟು ನೋಡಿ. ಸಾಲಿಗೆ ಮೂರೋ ನಾಲ್ಕೋ ಪದ ಬಿದ್ದು, ಬಲಗಡೆ ಅರ್ಧ ಪರದೆ ಖಾಲಿ ಉಳಿಯುತ್ತದೆ. ಅದೇ ಕಮಾಂಡಿಗೆ ಇಂಗ್ಲಿಷ್ ಪಠ್ಯ ಕೊಟ್ಟರೆ ಸಾಲಿಗೆ ಹನ್ನೆರಡು ಪದಗಳ ಆಸುಪಾಸಿನಲ್ಲಿ ತುಂಬಿದ, ಅಂಚು ಹೆಚ್ಚು ಕಡಿಮೆ ಸಮವಾದ ಪ್ಯಾರಾ ಹೊರಬರುತ್ತದೆ. ಕಮಾಂಡು ಎರಡಕ್ಕೂ ಒಂದೇ ನಿಯಮ ಅನ್ವಯಿಸಿದೆ: 75 ಎಣಿಸು, ದಾಟುವ ಮುನ್ನ ಮುರಿ. ಆದರೆ ಏನನ್ನು ಎಣಿಸಬೇಕು? ಬೈಟನ್ನೇ, ಯೂನಿಕೋಡ್ ಸಂಕೇತವನ್ನೇ, ಪರದೆಯ ಮನೆಗಳನ್ನೇ, ಅಕ್ಷರವನ್ನೇ, ಅಥವಾ ಅಚ್ಚಿನಲ್ಲಿ ಅದು ಹಿಡಿಯುವ ಜಾಗವನ್ನೇ? ಈ ಪ್ರಶ್ನೆಗೆ ಕನಿಷ್ಠ ಐದು ಉತ್ತರಗಳಿವೆ. ಪ್ರತಿಯೊಂದರ ಹಿಂದೆಯೂ ಒಂದು ಚರಿತ್ರೆಯಿದೆ, ಅದನ್ನು ನೆಚ್ಚಿದ ಸಾಫ್ಟ್‌ವೇರ್‌ಗಳಿವೆ.

ಇದು ಬೆಂಗಳೂರಿಗಿಂತ ಹೆಚ್ಚಾಗಿ ಕೊಯಮತ್ತೂರಿನ ಪಕ್ಕದ ಪೋತ್ತನೂರಿನಂಥ ಊರಿನಲ್ಲಿ ಕಾಡುವ ಪ್ರಶ್ನೆ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ, ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ಮತ್ತು ಒಕ್ಕಲಿಗ ಮನೆತನಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಓದು ಬರಹ ಹೆಚ್ಚಾಗಿ ತಮಿಳು, ಕಚೇರಿಯ ಕಾಗದ ಇಂಗ್ಲಿಷ್. ಇಲ್ಲಿ ಮದುವೆಯ ಕರೆಯೋಲೆಯನ್ನೋ ಕುಲದೇವತೆಯ ಹಬ್ಬದ ಕರಪತ್ರವನ್ನೋ ಕನ್ನಡದಲ್ಲೂ ಅಚ್ಚು ಹಾಕಿಸಬೇಕೆಂದವರು ಮೂರು ಲಿಪಿಗಳನ್ನು ಒಂದೇ ಪುಟದಲ್ಲಿ ಹೊಂದಿಸಬೇಕು. ಕನ್ನಡ ಡಿಟಿಪಿ ಅಂಗಡಿ ಹತ್ತಿರವಿಲ್ಲದಿದ್ದಾಗ ಉಳಿಯುವುದು ಮನೆಯ ಹಳೆಯ ಕಂಪ್ಯೂಟರು ಮತ್ತು ಹಣ ಕೊಡದೆ ಸಿಗುವ ಸ್ವತಂತ್ರ ತಂತ್ರಾಂಶ. ಕಮಾಂಡ್ ಲೈನಿನ ಪಠ್ಯ ಸಾಧನಗಳು ಅಂಥವರಿಗೆ ನಿಜವಾದ ಆಸರೆಯಾಗಬಲ್ಲವು. ಅವುಗಳಿಗೆ ಕನ್ನಡ ಎಣಿಸಲು ಬರಬೇಕು, ಅಷ್ಟೆ.

ಎಂಬತ್ತು ಕಾಲಂಗಳ ಪಿತ್ರಾರ್ಜಿತ

1928ರಲ್ಲಿ ಐಬಿಎಂ ಕಂಪನಿ ತಂದ ರಂಧ್ರಪತ್ರದಲ್ಲಿ 80 ಕಾಲಂಗಳಿದ್ದವು. ಆ ಪತ್ರಗಳು ಹೋದರೂ ಅಗಲ ಉಳಿಯಿತು. 1978ರ ವಿಟಿ100 ಟರ್ಮಿನಲ್ಲಿನಲ್ಲೂ 80 ಕಾಲಂ, ಇಂದಿನ ಟರ್ಮಿನಲ್ ಕಿಟಕಿಯೂ ಸಾಮಾನ್ಯವಾಗಿ ತೆರೆದುಕೊಳ್ಳುವುದು 80ಕ್ಕೆ. ಫೋಲ್ಡ್ ಎಂಬ ಕಮಾಂಡಿನ ಹುಟ್ಟು ಅಗಲವೂ ಅದೇ. ಎಫ್‌ಎಂಟಿಯ 75 ಅದಕ್ಕಿಂತ ತುಸು ಒಳಗೆ ನಿಂತ ಸಂಖ್ಯೆ.

ಯಂತ್ರದ ಕೈಯಲ್ಲಿ ಪ್ಯಾರಾ ಜೋಡಿಸುವ ಕೆಲಸ 1964ರ ಸುಮಾರಿಗೆ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಬರೆದ ರನಾಫ್ ಕ್ರಮವಿಧಿಯಿಂದ ಮೊದಲಾಯಿತೆನ್ನಬಹುದು. ತಮ್ಮ ಡಾಕ್ಟರೇಟ್ ಪ್ರಸ್ತಾವವನ್ನು ಸಿದ್ಧಪಡಿಸಲು ಅವರು ಅದನ್ನು ಬರೆದರು. ಪಠ್ಯದ ನಡುವೆ ಚುಕ್ಕಿಯಿಂದ ಶುರುವಾಗುವ ಸಾಲುಗಳಲ್ಲಿ ಆಜ್ಞೆ, ಉಳಿದದ್ದು ಬರಹ ಎಂಬ ಪದ್ಧತಿ ಅಲ್ಲಿಂದ ಬಂತು. ಬೆಲ್ ಲ್ಯಾಬ್ಸ್‌ನಲ್ಲಿ ಅದು ರಾಫ್ ಆಯಿತು. ಅಲ್ಲಿ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿದ್ದ ತಂಡಕ್ಕೆ ಹೊಸ ಯಂತ್ರ ಸಿಕ್ಕಿದ್ದೇ ಪೇಟೆಂಟ್ ವಿಭಾಗದ ಅರ್ಜಿಗಳನ್ನು ಅಂದವಾಗಿ ಮುದ್ರಿಸಿ ಕೊಡುತ್ತೇವೆಂಬ ಭರವಸೆಯ ಮೇಲೆ. ಜೋ ಒಸಾನ್ನಾ ಬರೆದ ಎನ್‌ರಾಫ್ ಮತ್ತು ಟ್ರಾಫ್, ಅವರ ನಿಧನದ ನಂತರ ಬ್ರಯನ್ ಕರ್ನಿಹಾನ್ 1979ರ ಹೊತ್ತಿಗೆ ಟ್ರಾಫನ್ನು ಯಾವುದೇ ಮುದ್ರಣ ಯಂತ್ರಕ್ಕೂ ಹೊಂದುವಂತೆ ಮಾಡಿದ್ದು, 1990ರಲ್ಲಿ ಜೇಮ್ಸ್ ಕ್ಲಾರ್ಕ್ ಬರೆದ ಗ್ರಾಫ್, ಇವೆಲ್ಲ ಒಂದೇ ವಂಶ. ಎಫ್‌ಎಂಟಿ ಈ ವಂಶದ ಪಕ್ಕದ ಮನೆಯದು. ಬರ್ಕ್ಲಿಯ ಯೂನಿಕ್ಸ್‌ನಲ್ಲಿ, ಮಿಂಚಂಚೆ ಕಳುಹಿಸುವ ಮುನ್ನ ಸಾಲುಗಳನ್ನು ಸರಿಮಾಡಲು ಬಂದ ಸಣ್ಣ ಸಾಧನ ಅದು. 1993ರಲ್ಲಿ ಆಡಂ ಕಾಸ್ಟೆಲೊ ಬರೆದ ಪಾರ್ ಅದಕ್ಕಿಂತ ಚತುರ.

ಇವರಾರ ಮುಂದೆಯೂ ಕನ್ನಡವಿರಲಿಲ್ಲ. ಒಂದು ಅಕ್ಷರ ಎಂದರೆ ಒಂದು ಬೈಟು, ಒಂದು ಬೈಟು ಎಂದರೆ ಒಂದು ಕಾಲಂ ಎಂಬುದು ಅವರ ನೆಲಗಟ್ಟು. ಇಂಗ್ಲಿಷಿನ ಮಟ್ಟಿಗೆ ಅದು ನಿಜವೂ ಹೌದು, ಆದ್ದರಿಂದ ಈ ಮೂರೂ ಬೇರೆ ಬೇರೆ ಸಂಗತಿಗಳೆಂದು ಯಾರಿಗೂ ಅನ್ನಿಸಬೇಕಾಗಿರಲಿಲ್ಲ.

ಕನ್ನಡ ಹಾದು ಬಂದ ಸಂಕೇತಗಳು

ಕನ್ನಡ ಕಂಪ್ಯೂಟರಿಗೆ ಒಂದೇ ರೂಪದಲ್ಲಿ ಬರಲಿಲ್ಲ. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಪ್ರತಿ ವ್ಯಂಜನಕ್ಕೆ, ಪ್ರತಿ ಸ್ವರಚಿಹ್ನೆಗೆ ಒಂದೊಂದು ಬೈಟು. ‘ಕನ್ನಡ’ ಎಂಬ ಪದವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ: ಇಸ್ಕಿಯಲ್ಲಿ ಅದು ಐದು ಬೈಟು, ಅಂದರೆ ಕ, ನ, ವಿರಾಮ (ಸ್ವರ ಸೇರದಂತೆ ತಡೆಯುವ ಚಿಹ್ನೆ), ನ, ಡ. ಅಚ್ಚಿನ ಮನೆಗಳು ಹಿಡಿದದ್ದು ಬೇರೆ ದಾರಿ. ಬರಹ, ನುಡಿ, ಶ್ರೀಲಿಪಿ, ಆಕೃತಿ ಮುಂತಾದವು ಅಕ್ಷರದ ತುಂಡುಗಳಿಗೆ ಸಂಕೇತ ಕೊಟ್ಟವು. ತಲೆಕಟ್ಟು ಒಂದು ತುಂಡು, ಒತ್ತು ಇನ್ನೊಂದು ತುಂಡು. ನುಡಿಯಲ್ಲಿ ‘ಕನ್ನಡ’ ಏಳು ಬೈಟು: ಕ, ನ, ಡಗಳ ಬುಡಗಳು ಮೂರು, ತಲೆಕಟ್ಟುಗಳು ಮೂರು, ನಕಾರದ ಒತ್ತು ಒಂದು. ಮೊಳೆ ಜೋಡಿಸುತ್ತಿದ್ದವರ ಕೈಯ ಲೆಕ್ಕಕ್ಕೆ ಇದು ಹತ್ತಿರ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಇವು ಕನ್ನಡಿಗರ ಕೈಗೆ ಕನ್ನಡದ ಟೈಪಿಂಗನ್ನು ಕೊಟ್ಟ ಉಪಕಾರ ದೊಡ್ಡದು. ಆದರೆ ತುಂಡುಗಳಾಗಿ ಉಳಿಸಿದ ಪಠ್ಯವನ್ನು ಹುಡುಕಲು, ವಿಂಗಡಿಸಲು, ಬೇರೆ ಸಾಧನಕ್ಕೆ ದಾಟಿಸಲು ಆಗುತ್ತಿರಲಿಲ್ಲ. ಆ ಕಾಲದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಇನ್ನೂ ಮುಗಿದಿಲ್ಲ. ಅದಕ್ಕೆ ಕಮಾಂಡ್ ಲೈನಿನ ಪರಿವರ್ತಕಗಳೇ ಹೆಚ್ಚು ಅನುಕೂಲ, ಏಕೆಂದರೆ ಸಾವಿರ ಕಡತಗಳನ್ನು ಒಂದೇ ಆಜ್ಞೆಯಲ್ಲಿ ದಾಟಿಸಬಹುದು.

ಯೂನಿಕೋಡ್ ಇಸ್ಕಿಯ ಒಳವ್ಯವಸ್ಥೆಯನ್ನು ಉಳಿಸಿಕೊಂಡಿತು: ‘ಕನ್ನಡ’ಕ್ಕೆ ಅದೇ ಐದು ಸಂಕೇತ. ಆದರೆ ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟು ಹಿಡಿಯುತ್ತದೆ. ಹಾಗಾಗಿ ಒಟ್ಟು ಹದಿನೈದು. ಡಬ್ಲ್ಯುಸಿ ಎಂಬ ಎಣಿಕೆಯ ಕಮಾಂಡಿಗೆ ಬೈಟು ಕೇಳಿದರೆ ಹದಿನೈದೆನ್ನುತ್ತದೆ, ಸಂಕೇತ ಕೇಳಿದರೆ ಐದೆನ್ನುತ್ತದೆ. ಕಣ್ಣಿಗೆ ಕಾಣುವುದು ಮೂರು ಅಕ್ಷರ.

ಬೈಟು ಎಣಿಸುವ ಪಂಥ

ಈಗ ಎಫ್‌ಎಂಟಿಯ ಮೂರು ಪದದ ಸಾಲಿನ ಕಾರಣ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಸಿಗುವ ಗ್ನೂ ಆವೃತ್ತಿಯ ಎಫ್‌ಎಂಟಿ ಬೈಟುಗಳನ್ನೇ ಎಣಿಸುತ್ತ ಬಂದಿದೆ. ಏಳು ಸಂಕೇತಗಳ ಸಾಧಾರಣ ಕನ್ನಡ ಪದ ಜಾಗವೂ ಸೇರಿ ಇಪ್ಪತ್ತೆರಡು ಬೈಟಾದರೆ, 75ರೊಳಗೆ ಹಿಡಿಯುವುದು ಮೂರೇ. ‘ಮಾಡಬೇಕಾಗಿದ್ದುದರಿಂದ’ ಎಂಬಂಥ ಪದ ಬಂದರೆ ಅದೊಂದೇ ಸಾಲಿನ ಮುಕ್ಕಾಲು ಪಾಲು ನುಂಗುತ್ತದೆ.

ಈ ಪಂಥವನ್ನು ಸಮರ್ಥಿಸುವವರಿಗೂ ವಾದವಿದೆ. ಬೈಟು ಎಣಿಸುವ ಸಾಧನ ವೇಗವಾಗಿರುತ್ತದೆ, ಯಾವ ಭಾಷೆಯ ಕಡತಕ್ಕೂ ಒಂದೇ ರೀತಿ ನಡೆದುಕೊಳ್ಳುತ್ತದೆ, ಯೂನಿಕೋಡಿನ ಹೊಸ ಆವೃತ್ತಿ ಬಂದಾಗಲೆಲ್ಲ ಬದಲಾಗಬೇಕಿಲ್ಲ. ಎಫ್‌ಎಂಟಿ ಪದದ ನಡುವೆ ಮುರಿಯುವುದಿಲ್ಲವಾದ್ದರಿಂದ ಪಠ್ಯ ಕೆಡುವುದೂ ಇಲ್ಲ, ಸಾಲು ಕಿರಿದಾಗುತ್ತದೆ ಅಷ್ಟೆ. ಅಗಲವನ್ನು 200ಕ್ಕೆ ಏರಿಸಿಕೊಂಡರೆ ಕನ್ನಡ ಸುಮಾರಾಗಿ ಸರಿಹೋಗುತ್ತದೆ ಎಂದೂ ಹೇಳುತ್ತಾರೆ. ಪೂರ್ತಿ ಕನ್ನಡದ ಕಡತಕ್ಕೆ ಆ ಉಪಾಯ ನಡೆಯುತ್ತದೆ. ನಡುನಡುವೆ ಇಂಗ್ಲಿಷ್ ಬಂದ ಕಡತದಲ್ಲಿ ಒಂದು ಪ್ಯಾರಾ ಕಿರಿದು, ಇನ್ನೊಂದು ಪರದೆಯಾಚೆಗೆ.

ಫೋಲ್ಡ್ ಕಮಾಂಡಿನ ಪರಿಣಾಮ ಇದಕ್ಕಿಂತ ಗಂಭೀರ. ಬಹುಕಾಲ ಗ್ನೂ ಫೋಲ್ಡ್ ಎಂಬತ್ತನೇ ಬೈಟಿಗೆ ಕತ್ತರಿ ಹಾಕುತ್ತಿತ್ತು. ಅಲ್ಲಿ ಒಂದು ಅಕ್ಷರದ ಮೂರು ಬೈಟುಗಳಲ್ಲಿ ಎರಡು ಮಾತ್ರ ಮುಗಿದಿದ್ದರೂ ಸರಿಯೇ. ಆ ಜಾಗದಲ್ಲಿ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಕಾಣುತ್ತದೆ, ಅಕ್ಷರ ಹೋಗಿರುತ್ತದೆ. ಇದನ್ನು ವಿನ್ಯಾಸದ ಆಯ್ಕೆ ಎಂದು ಒಪ್ಪಲು ನನ್ನಿಂದಾಗದು. ಪಠ್ಯವನ್ನು ಜೋಡಿಸಬೇಕಾದ ಸಾಧನ ಪಠ್ಯವನ್ನು ಹಾಳುಮಾಡಬಾರದು.

ಎಫ್‌ಎಂಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಕನ್ನಡದವರು ಗಮನಿಸಬೇಕಾದದ್ದು. ಸಾಲಿನ ಕೊನೆಯಲ್ಲಿ ಚುಕ್ಕಿ ಬಂದರೆ ಅದನ್ನು ವಾಕ್ಯದ ಅಂತ್ಯವೆಂದು ಎಣಿಸಿ, ಮುಂದಿನ ಸಾಲನ್ನು ಜೋಡಿಸುವಾಗ ಎರಡು ಜಾಗ ಬಿಡುತ್ತದೆ. ನಮ್ಮಲ್ಲಿ ಹೆಸರಿನ ಮೊದಲಕ್ಷರಗಳೂ, ‘ಡಾ.’, ‘ಪ್ರೊ.’, ‘ಕ್ರಿ. ಶ.’ಗಳೂ ಹೆಜ್ಜೆಹೆಜ್ಜೆಗೆ ಬರುವುದರಿಂದ, ಎರಡು ಮೂರು ಬಾರಿ ಜೋಡಿಸಿದ ಕಡತದಲ್ಲಿ ಹೆಸರುಗಳ ನಡುವೆ ಅಕಾರಣ ಬಿರುಕುಗಳು ಉಳಿಯುತ್ತವೆ. ಜಾಗಗಳನ್ನು ಏಕರೂಪ ಮಾಡುವ ಆಯ್ಕೆಯನ್ನು ಬಳಸಿದರೂ ವಾಕ್ಯಾಂತ್ಯವೆಂದು ತಿಳಿದ ಕಡೆ ಅದು ಎರಡೇ ಬಿಡುತ್ತದೆ. ಸಣ್ಣ ದೋಷ, ಆದರೆ ಪ್ರೂಫ್ ನೋಡುವವರ ಕಣ್ಣು ನೋಯಿಸುವಂಥದು.

ಕಾಲಂ ಎಣಿಸುವ ಪಂಥ

ಎರಡನೆಯ ಪಂಥ ಪರದೆಯನ್ನು ಚೌಕುಳಿಯೆಂದು ಭಾವಿಸಿ, ಪ್ರತಿ ಸಂಕೇತ ಎಷ್ಟು ಮನೆ ಹಿಡಿಯುತ್ತದೆಂದು ಕೇಳುತ್ತದೆ. ಚೀನೀ, ಜಪಾನೀ ಲಿಪಿಗಳಿಗಾಗಿ ಬೆಳೆದ ಈ ಲೆಕ್ಕದಲ್ಲಿ ಅಂಥ ಲಿಪಿಚಿಹ್ನೆಗೆ ಎರಡು ಮನೆ, ಲ್ಯಾಟಿನ್ ಅಕ್ಷರಕ್ಕೆ ಒಂದು, ಮೇಲೆ ಕೆಳಗೆ ಕೂರುವ ಚಿಹ್ನೆಗೆ ಸೊನ್ನೆ. ಫ್ರೀಬಿಎಸ್‌ಡಿಯ ಎಫ್‌ಎಂಟಿ, ವಿಮ್ ಸಂಪಾದಕ ಮೊದಲಾದವು ಈ ದಾರಿಯಲ್ಲಿವೆ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಕೆಲವು ಕೀಲಿಗಳನ್ನು ಒತ್ತಿದಾಗ ಗಾಡಿ ಮುಂದೆ ಸರಿಯದೆ ನಿಂತಲ್ಲೇ ನಿಲ್ಲುತ್ತಿತ್ತು. ಈ ಸೊನ್ನೆ ಅಗಲದ ಕಲ್ಪನೆ ಅದರದೇ ಇನ್ನೊಂದು ರೂಪ.

ಕನ್ನಡಕ್ಕೆ ಇದು ಬೈಟಿಗಿಂತ ಎಷ್ಟೋ ಮೇಲು, ಆದರೆ ಪೂರ್ತಿ ಒಗ್ಗುವುದಿಲ್ಲ. ಯೂನಿಕೋಡಿನ ವರ್ಗೀಕರಣದಲ್ಲಿ ಗುಡಿಸು ಮತ್ತು ಎತ್ವ, ಅಂದರೆ ‘ಕಿ’ ಮತ್ತು ‘ಕೆ’ಗಳ ಚಿಹ್ನೆಗಳು, ಜಾಗ ಹಿಡಿಯದ ಗುಂಪಿನಲ್ಲಿವೆ. ದೀರ್ಘ, ಕೊಂಬು, ಕೊಂಬಿನ ದೀರ್ಘ ಜಾಗ ಹಿಡಿಯುವ ಗುಂಪಿನಲ್ಲಿವೆ. ಹಾಗಾಗಿ ‘ಕಿ’ ಒಂದು ಮನೆ, ‘ಕು’ ಎರಡು ಮನೆ. ಬರೆದು ನೋಡಿದರೆ ಕೊಂಬು ಜಾಗ ಹಿಡಿಯುವುದು ನಿಜವೇ, ವರ್ಗೀಕರಣ ತಪ್ಪಲ್ಲ. ತಕರಾರು ಒತ್ತಕ್ಷರದಲ್ಲಿ. ‘ಸ್ತ್ರೀ’ಯಲ್ಲಿ ಸ, ತ, ರ, ದೀರ್ಘ ಒಂದೊಂದು ಮನೆ, ಎರಡು ವಿರಾಮಗಳು ಸೊನ್ನೆ, ಒಟ್ಟು ನಾಲ್ಕು ಮನೆ. ಪರದೆಯ ಮೇಲೆ ತಕಾರ, ರಕಾರ ಎರಡೂ ಒತ್ತುಗಳಾಗಿ ಕೆಳಗಿಳಿದಿರುತ್ತವೆ. ನಾಲ್ಕು ಮನೆ ಕಾಯ್ದಿರಿಸಿ ಅಷ್ಟನ್ನು ತುಂಬದೆ ಬಿಟ್ಟ ಅಂತರಗಳು ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡವನ್ನು ಚದುರಿಸಿ ಇಟ್ಟಂತೆ ತೋರಿಸುತ್ತವೆ. ಎಂಎಲ್‌ಟರ್ಮ್‌ನಂಥ ಒಂದೆರಡು ಟರ್ಮಿನಲ್‌ಗಳು ಭಾರತೀಯ ಲಿಪಿಗಳಿಗೆ ಬೇರೆ ವ್ಯವಸ್ಥೆ ಮಾಡಿಕೊಂಡಿವೆ. ಉಳಿದವುಗಳಲ್ಲಿ ಕನ್ನಡ ಓದುವುದು ಇನ್ನೂ ಪ್ರಯಾಸ.

ಅಕ್ಷರವೇ ಏಕಮಾನ: ಕೊಯಮತ್ತೂರಿನ 2010, ಯೂನಿಕೋಡಿನ 2023

ಓದುಗನಿಗೆ ಅಕ್ಷರವಾಗಿ ಕಾಣುವುದನ್ನೇ ಯಂತ್ರವೂ ಎಣಿಸಲಿ ಎಂಬ ವಾದಕ್ಕೆ ನಮ್ಮ ನೆರೆಯಲ್ಲೇ ಒಂದು ದೊಡ್ಡ ಅಧ್ಯಾಯವಿದೆ. 2010ರ ಜೂನ್ 23ರಿಂದ 27ರವರೆಗೆ ಕೊಯಮತ್ತೂರಿನ ಕೊಡಿಸಿಯಾ ಸಂಕೀರ್ಣದಲ್ಲಿ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆಯಿತು, ಅದರ ಜೊತೆಯಲ್ಲೇ ತಮಿಳ್ ಇಂಟರ್ನೆಟ್ ಸಮ್ಮೇಳನವೂ. ಆ ಹೊತ್ತಿಗೆ ತಮಿಳುನಾಡು ಸರ್ಕಾರ ಎರಡು ಸಂಕೇತಗಳನ್ನು ಮಾನಕವೆಂದು ಸಾರಿತು: ಯೂನಿಕೋಡ್, ಮತ್ತು ಯೂನಿಕೋಡ್ ಹೊಂದದ ಕಡೆ ಬಳಸಲು ಟೇಸ್-16.

ಟೇಸ್-16ರ ಹಿಂದಿನ ಆಲೋಚನೆ ಸರಳ. ತಮಿಳಿನಲ್ಲಿ ಸ್ವರ 12, ವ್ಯಂಜನ 18, ಇವು ಕೂಡಿ ಆಗುವ ಉಯಿರ್‌ಮೆಯ್ 216, ಆಯ್ದಂ ಒಂದು, ಒಟ್ಟು 247. ಇಷ್ಟೂ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಟ್ಟರೆ ಅಕ್ಷರ ಎಣಿಸಲು, ವಿಂಗಡಿಸಲು, ಸಾಲು ಮುರಿಯಲು ಯಾವ ಹೆಚ್ಚಿನ ಬುದ್ಧಿಯೂ ಬೇಡ, ಮೂಲ ಯೂನಿಕ್ಸ್ ಸಾಧನಗಳ ನಂಬಿಕೆ ತಮಿಳಿಗೂ ನಿಜವಾಗುತ್ತದೆ. ಯೂನಿಕೋಡಿನ ಖಾಸಗಿ ಬಳಕೆಯ ವಲಯದಲ್ಲಿ ಈ ಸಂಕೇತಗಳಿಗೆ ಜಾಗ ಮಾಡಿಕೊಂಡರು. ಬಳಕೆ ವ್ಯಾಪಕವಾಗಲಿಲ್ಲ, ಜಗತ್ತಿನ ಫೋನು, ಬ್ರೌಸರುಗಳು ಸಾಮಾನ್ಯ ಯೂನಿಕೋಡಿನಲ್ಲೇ ನಡೆದವು. ಆದರೂ ಆ ಪ್ರಸ್ತಾಪವನ್ನು ನಾನು ಗೌರವದಿಂದ ನೋಡುತ್ತೇನೆ. ಒಂದು ಭಾಷಾಸಮುದಾಯ ‘ನಮ್ಮ ಎಣಿಕೆಯ ಮೂಲಮಾನ ಇದು’ ಎಂದು ಸರ್ಕಾರದ ಮಟ್ಟದಲ್ಲಿ ನಿಂತು ಹೇಳಿದ್ದು ಸಣ್ಣ ಸಂಗತಿಯಲ್ಲ.

ಕನ್ನಡಕ್ಕೆ ಆ ದಾರಿ ತೆರೆದಿಲ್ಲ. ತಮಿಳು ಲಿಪಿ ಪುಳ್ಳಿಯನ್ನು (ಚುಕ್ಕಿಯನ್ನು) ಮೇಲಿಟ್ಟು ವ್ಯಂಜನಗಳನ್ನು ಅಕ್ಕಪಕ್ಕದಲ್ಲೇ ಬರೆಯುತ್ತದೆ, ಹಾಗಾಗಿ ಅದರ ಪಟ್ಟಿ ಮುಗಿಯುತ್ತದೆ. ಕನ್ನಡದ 34 ವ್ಯಂಜನಗಳನ್ನು ಎರಡೆರಡಾಗಿ ಜೋಡಿಸಿದರೇ 1156 ಒತ್ತಕ್ಷರಗಳು ಸಾಧ್ಯ. ಅವಕ್ಕೆ ಕಾಗುಣಿತ, ಮೇಲೆ ಮೂರು ವ್ಯಂಜನಗಳ ಜೋಡಣೆ. ಎಲ್ಲವೂ ಬಳಕೆಯಲ್ಲಿಲ್ಲ, ಆದರೆ ಯಾವುದು ನಾಳೆ ಎರವಲು ಪದವೊಂದರಲ್ಲಿ ಬರುತ್ತದೆಂದು ಹೇಳಲಾಗದು. ಆದ್ದರಿಂದ ಕನ್ನಡದಲ್ಲಿ ಅಕ್ಷರವನ್ನು ಪಟ್ಟಿಯಿಂದ ಅಲ್ಲ, ನಿಯಮದಿಂದ ಗುರುತಿಸಬೇಕು.

ಆ ನಿಯಮ ಬರೆಯುವುದು ಯೂನಿಕೋಡ್ ಸಂಸ್ಥೆ. ಅದರ ‘ಗ್ರಾಫೀಮ್ ಗುಚ್ಛ’ ಎಂಬ ಏಕಮಾನ ಬಳಕೆದಾರನ ಕಣ್ಣಿನ ಅಕ್ಷರಕ್ಕೆ ಹತ್ತಿರವಾಗಲು ಯತ್ನಿಸುತ್ತದೆ. ಪರ್ಲ್‌ನಂಥ ಭಾಷೆಗಳಲ್ಲಿ ಅದನ್ನು ಒಂದೇ ಸಂಜ್ಞೆಯಿಂದ ಹಿಡಿಯಬಹುದು. ತಮಿಳರು ತಮ್ಮ ನುಡಿಯ ಹೆಸರನ್ನು ತ, ಮಿ, ೞ್ ಎಂದು ಮೂರು ಅಕ್ಷರದಲ್ಲಿ ಬರೆಯುತ್ತಾರೆ. ಅದೂ ಐದು ಸಂಕೇತ, ಹದಿನೈದು ಬೈಟು, ಥೇಟು ‘ಕನ್ನಡ’ದಂತೆ. ಕಾಲಂ ಲೆಕ್ಕದಲ್ಲೂ ಎರಡಕ್ಕೂ ನಾಲ್ಕು ನಾಲ್ಕು ಮನೆ. ಗ್ರಾಫೀಮ್ ಗುಚ್ಛದ ಲೆಕ್ಕಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ತಮಿಳಿಗೆ ಮೂರೇ ಬರುತ್ತದೆ. ಕನ್ನಡಕ್ಕೆ ಕ, ನ್, ನ, ಡ ಎಂದು ನಾಲ್ಕು, ‘ಸ್ತ್ರೀ’ಗೆ ಸ್, ತ್, ರೀ ಎಂದು ಮೂರು. ಯಾವ ಕನ್ನಡ ಶಾಲೆಯ ಮಗುವೂ ಹಾಗೆ ಎಣಿಸದು.

ಈ ಕುಂದನ್ನು ಯೂನಿಕೋಡ್ ಗಮನಿಸಿದೆ. 2023ರ 15.1ನೇ ಆವೃತ್ತಿಯಲ್ಲಿ, ವಿರಾಮದಿಂದ ಕೂಡಿದ ವ್ಯಂಜನಗಳನ್ನು ಬೇರ್ಪಡಿಸಬಾರದೆಂಬ ಹೊಸ ನಿಯಮ ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ತಂಗಿಯಂತಿರುವ, ಒತ್ತುಗಳನ್ನು ಅದೇ ರೀತಿ ಕೆಳಗಿಡುವ ತೆಲುಗು ಇದ್ದು ಕನ್ನಡ ಇಲ್ಲದ್ದು ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ. ಆ ಆವೃತ್ತಿಯನ್ನು ನಂಬಿ ಬರೆದ ಸಾಧನ ತೆಲುಗಿನ ‘ನ್ನ’ವನ್ನು ಒಂದೆಂದೂ ಕನ್ನಡದ ‘ನ್ನ’ವನ್ನು ಎರಡೆಂದೂ ಎಣಿಸುತ್ತದೆ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂದು ಬರೆಯಲು ಜಕಾರದ ನಂತರ ಅಗಲವಿಲ್ಲದ ಒಂದು ಬೇರ್ಪಡಿಸುವ ಸಂಕೇತ ಬೇಕು, ಇಲ್ಲದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಬೈಟು ಎಣಿಸುವವರಿಗೆ ಅದು ಮೂರು, ಕಾಲಂ ಎಣಿಸುವವರಿಗೆ ಸೊನ್ನೆ. ಅಗತ್ಯವಿಲ್ಲದ ಕಸವೆಂದು ಅದನ್ನು ಗುಡಿಸಿ ಹಾಕುವ ಶುದ್ಧೀಕರಣದ ಸ್ಕ್ರಿಪ್ಟುಗಳೂ ಇವೆ. ಇಂಗ್ಲಿಷ್ ಎರವಲುಗಳು ತುಂಬಿದ ಇಂದಿನ ಕನ್ನಡಕ್ಕೆ ಅವು ಅಪಾಯಕಾರಿ. ಕಡತವನ್ನು ಸಾಧನಕ್ಕೆ ಕೊಡುವ ಮೊದಲೂ ಆಮೇಲೂ ಈ ಸಂಕೇತಗಳ ಸಂಖ್ಯೆಯನ್ನು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಎಣಿಸಬೇಡಿ, ಅಳೆಯಿರಿ

ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಅಚ್ಚುಜೋಡಣೆಯ ತಂತ್ರಾಂಶ ಟೆಕ್ ಈ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟಿತು. ಅಕ್ಷರ ಎಷ್ಟೇ ಇರಲಿ, ಫಾಂಟಿನಲ್ಲಿ ಅದು ಹಿಡಿಯುವ ಅಗಲವೆಷ್ಟು ಎಂಬುದೇ ಅದರ ಲೆಕ್ಕ. ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ವಿಧಾನ ಒಂದೊಂದೇ ಸಾಲು ತುಂಬುತ್ತ ಹೋಗದೆ ಇಡೀ ಪ್ಯಾರಾವನ್ನು ಮುಂದಿಟ್ಟುಕೊಂಡು, ಎಲ್ಲೆಲ್ಲಿ ಮುರಿದರೆ ಒಟ್ಟು ವಿಕಾರ ಕಡಿಮೆ ಎಂದು ಹುಡುಕುತ್ತದೆ. ಗ್ನೂ ಎಫ್‌ಎಂಟಿಯೂ ತನ್ನ ಮಿತಿಯಲ್ಲಿ ಇದೇ ವಿಚಾರವನ್ನು ಅನುಸರಿಸುತ್ತದೆ.

ಟೆಕ್‌ನಲ್ಲಿ ಕನ್ನಡ ಯೂನಿಕೋಡಿಗೂ ಮುಂಚೆಯೇ ಬಂದಿತ್ತು, ಲಿಪ್ಯಂತರದಲ್ಲಿ ಬರೆದು ಪೂರ್ವಸಂಸ್ಕಾರಕದ ಮೂಲಕ ಹಾಯಿಸುವ ರೂಪದಲ್ಲಿ. 2002ರಲ್ಲಿ ಜಾಗತಿಕ ಟೆಕ್ ಬಳಕೆದಾರರ ಸಮ್ಮೇಳನ ತಿರುವನಂತಪುರದಲ್ಲೇ ನಡೆದದ್ದನ್ನು ನೆನೆದರೆ, ದಕ್ಷಿಣದಲ್ಲಿ ಈ ವಿದ್ಯೆಗೆ ಎಷ್ಟು ಬೇರಿತ್ತೆಂಬುದು ತಿಳಿಯುತ್ತದೆ. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಕೊಡಬಹುದಾಯಿತು. ಒತ್ತಕ್ಷರ ಜೋಡಿಸುವ ಕೆಲಸವನ್ನು ಇಂದು ಹಾರ್ಫ್‌ಬಜ್ ಎಂಬ ಗ್ರಂಥಾಲಯ ಮಾಡುತ್ತದೆ. ಟ್ರಾಫ್ ವಂಶದ ಗ್ರಾಫ್ ಮಾತ್ರ ಇಲ್ಲಿ ಹಿಂದುಳಿಯಿತು, ಕನ್ನಡದ ಒತ್ತುಗಳನ್ನು ಸರಿಯಾಗಿ ಕೂರಿಸಲು ಅದಕ್ಕೆ ಬಾರದು.

ಪೋತ್ತನೂರಿನ ಮೂರು ಲಿಪಿಯ ಕರಪತ್ರಕ್ಕೆ ನಾನು ಸೂಚಿಸುವುದು ಇದೇ ಸರಣಿ. ಸಾದಾ ಪಠ್ಯದಲ್ಲಿ ಬರೆಯಿರಿ. ಜಾನ್ ಮೆಕ್‌ಫಾರ್ಲೇನ್ 2006ರಲ್ಲಿ ಆರಂಭಿಸಿದ, ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಪ್ಯಾಂಡಾಕ್ ಕಮಾಂಡಿಗೆ ಕೊಡಿ. ಅಲ್ಲಿಂದ ಝೀಟೆಕ್‌ಗೆ, ಅಲ್ಲಿಂದ ಪಿಡಿಎಫ್. ನೋಟೋ ಕುಟುಂಬದಲ್ಲಿ ಕನ್ನಡಕ್ಕೂ ತಮಿಳಿಗೂ ಹೊಂದುವ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಕಲಿಯಲು ಕೆಲವು ಸಂಜೆಗಳು ಬೇಕು, ದುಡ್ಡು ಬೇಡ. ಮುಂದಿನ ವರ್ಷದ ಹಬ್ಬಕ್ಕೆ ತಾರೀಖು ಬದಲಿಸಿ ಅದೇ ಆಜ್ಞೆಯನ್ನು ಮತ್ತೆ ಓಡಿಸಿದರೆ ಸಾಕು.

ಮುರಿಯಲೇ ಬೇಡಿ ಎನ್ನುವವರು

ಐದನೆಯ ಪಂಥ ಮೂಲಕಡತದಲ್ಲಿ ಸಾಲು ಮುರಿಯುವ ಪ್ರಶ್ನೆಯನ್ನೇ ಬಿಟ್ಟುಬಿಡುತ್ತದೆ. ಪ್ರತಿ ವಾಕ್ಯವನ್ನು ಹೊಸ ಸಾಲಿನಲ್ಲಿ ಆರಂಭಿಸಿ ಎಂಬ ಸಲಹೆಯನ್ನು ಕರ್ನಿಹಾನ್ 1974ರಲ್ಲೇ ಯೂನಿಕ್ಸ್ ಕಲಿಯುವವರಿಗೆ ಕೊಟ್ಟಿದ್ದರು. ಇಂದು ಅದಕ್ಕೆ ಇನ್ನೂ ಒಂದು ಕಾರಣ ಸೇರಿದೆ: ಎಫ್‌ಎಂಟಿ ಓಡಿಸಿದಾಗ ಒಂದು ಪದ ಬದಲಾದರೂ ಪ್ಯಾರಾದ ಎಲ್ಲ ಸಾಲುಗಳು ಸರಿದು, ಯಾವುದು ನಿಜವಾದ ತಿದ್ದುಪಡಿ ಎಂದು ಆವೃತ್ತಿ ಹೋಲಿಸುವ ಸಾಧನಕ್ಕೆ ತಿಳಿಯದಾಗುತ್ತದೆ. ವಾಕ್ಯಕ್ಕೊಂದು ಸಾಲಿದ್ದರೆ ಬದಲಾದ ವಾಕ್ಯ ಮಾತ್ರ ಕಾಣುತ್ತದೆ. ಹಲವರು ಕೂಡಿ ತಿದ್ದುವ ಕನ್ನಡ ಪಠ್ಯಗಳಿಗೆ ಇದು ಅತ್ಯುತ್ತಮ ವ್ಯವಸ್ಥೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾಂಡಾಕ್ ಬಳಸುವವರೂ ಪಠ್ಯರೂಪದ ಫಲಿತದಲ್ಲಿ ಸಾಲು ಮುರಿಯದಂತೆ ಹೇಳುವ ಆಯ್ಕೆಯನ್ನು ಬಳಸುವುದು ಕ್ಷೇಮ.

ಪದದೊಳಗೆ ಮುರಿಯಬಹುದೇ?

ಉದ್ದ ಪದಗಳ ಭಾಷೆಗೆ ಈ ಪ್ರಶ್ನೆ ತಪ್ಪದು. ನಮ್ಮ ಹಿಂದಿನವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಶಾಸನಗಳಲ್ಲೂ ಓಲೆಗರಿಗಳಲ್ಲೂ ಪದಗಳ ನಡುವೆ ಜಾಗವಿಲ್ಲ, ಅಂಚು ಬಂದಾಗ ಅಕ್ಷರದ ಗಡಿಯಲ್ಲಿ ಸಾಲು ಮುಗಿದು ಪದ ಕೆಳಗೆ ಹರಿಯುತ್ತದೆ. ಅಚ್ಚಿನ ಯುಗದಲ್ಲಿ ಪದಗಳ ನಡುವೆ ಜಾಗ ಬಂದರೂ, ಪತ್ರಿಕೆಗಳ ಕಿರಿದಾದ ಕಾಲಂಗಳು ಈ ರೂಢಿಯನ್ನು ಉಳಿಸಿಕೊಂಡವು, ಎಷ್ಟೋ ಸಲ ಅಡ್ಡಗೆರೆಯೂ ಇಲ್ಲದೆ.

ಯಂತ್ರಕ್ಕೆ ಇದನ್ನು ಕಲಿಸಿದವರು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೊಟ್ಟಿಂಗಲ್. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವರು ಸಿದ್ಧಪಡಿಸಿದ ಪದಚ್ಛೇದ ವಿನ್ಯಾಸಗಳು ಟೆಕ್‌ನಲ್ಲಿ ಬಳಕೆಯಲ್ಲಿವೆ. ವಿರಾಮದ ಎರಡೂ ಕಡೆ ಮುರಿಯಬಾರದು, ಅನುಸ್ವಾರ ವಿಸರ್ಗಗಳನ್ನು ಹಿಂದಿನ ಅಕ್ಷರದಿಂದ ಬಿಡಿಸಬಾರದು, ಉಳಿದ ಅಕ್ಷರದ ಗಡಿಗಳೆಲ್ಲ ತೆರೆದವು ಎಂಬುದು ಅವುಗಳ ಸಾರ. ಧ್ವನಿಯ ದೃಷ್ಟಿಯಿಂದ ಇದು ಸರಿ. ಅರ್ಥದ ದೃಷ್ಟಿಯವರು ಒಪ್ಪುವುದಿಲ್ಲ. ‘ಮಾಡಬೇಕಾಗಿದ್ದುದರಿಂದ’ವನ್ನು ‘ಮಾಡಬೇಕಾಗಿದ್ದು’ ಆದ ಮೇಲೆ ಮುರಿದರೆ ಓದು ಎಡವದು, ‘ಮಾಡಬೇಕಾಗಿದ್ದುದರಿಂ’ ಎಂದು ಮುರಿದು ಒಂದೇ ಒಂದು ‘ದ’ವನ್ನು ಕೆಳಗಿಳಿಸಿದರೆ ಎಡವುತ್ತದೆ ಎನ್ನುತ್ತಾರೆ. ಸಾಲಿನ ಕೊನೆಗೂ ಮೊದಲಿಗೂ ಕನಿಷ್ಠ ಎರಡೆರಡು ಅಕ್ಷರ ಉಳಿಯಬೇಕೆಂಬ ಮಿತಿ ಹಾಕಿಕೊಂಡರೆ ಇಬ್ಬರ ನಡುವಿನ ಅಂತರ ಬಹುಪಾಲು ಕಡಿಮೆಯಾಗುತ್ತದೆ. ಅಲ್ಲಿ ಮತ್ತೆ ಎರಡು ಎಂದರೆ ಯಾವ ಎರಡು ಎಂಬ ಹಳೆಯ ಪ್ರಶ್ನೆ.

ಇತ್ಯರ್ಥವಾಗದೆ ಉಳಿದವು

ಅತಿ ಕಠಿಣವಾದದ್ದು ಮುರಿಯುವುದಲ್ಲ, ಮುರಿದದ್ದನ್ನು ಕೂಡಿಸುವುದು. ಹಳೆಯ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಕಮಾಂಡ್ ಲೈನ್ ಸಾಧನದಿಂದ ಪಠ್ಯವಾಗಿಸಿದಾಗ, ಅಚ್ಚಿನ ಸಾಲುಗಳು ಹಾಗೇ ಬರುತ್ತವೆ. ಅವನ್ನು ಪ್ಯಾರಾ ಮಾಡಲು ಎಫ್‌ಎಂಟಿಗೆ ಕೊಟ್ಟರೆ ಪ್ರತಿ ಸಾಲಿನ ಸೇರುವೆಯಲ್ಲಿ ಜಾಗ ಇಡುತ್ತದೆ. ಅಡ್ಡಗೆರೆಯಿಲ್ಲದೆ ಮುರಿದ ಪದ ಎರಡಾಗಿಯೇ ಉಳಿದುಬಿಡುತ್ತದೆ, ಹುಡುಕಿದಾಗ ಸಿಗುವುದಿಲ್ಲ. ಸಾಲಿನ ತುದಿಯ ‘ಮನೆ’ ಮತ್ತು ಮುಂದಿನ ಸಾಲಿನ ‘ಯಲ್ಲಿ’ ಒಂದೇ ಪದವೆಂದು ಓದುಗನಿಗೆ ಗೊತ್ತು. ಯಂತ್ರಕ್ಕೆ ಗೊತ್ತಾಗಬೇಕಾದರೆ ಕನ್ನಡ ಪದರಚನೆಯ ವಿಶ್ಲೇಷಕ ಬೇಕು. ಪೋತ್ತನೂರಿನಿಂದ ಪಾಲಕ್ಕಾಡಿನ ದಾರಿಯಲ್ಲಿರುವ ಎಟ್ಟಿಮಡೈಯ ಅಮೃತ ವಿಶ್ವವಿದ್ಯಾಪೀಠದಲ್ಲಿ ದ್ರಾವಿಡ ಭಾಷೆಗಳ, ಕನ್ನಡವೂ ಸೇರಿ, ಪದವರ್ಗ ಗುರುತಿಸುವ ಸಂಶೋಧನೆ ನಡೆದಿದೆ. ಅಂಥ ಕೆಲಸ ಎಫ್‌ಎಂಟಿಯಷ್ಟು ಸಣ್ಣ, ಯಾರೂ ಬಳಸಬಹುದಾದ ಕಮಾಂಡಾಗಿ ಜನರ ಕೈಗೆ ಬಂದಾಗ ಈ ಗಂಟು ಸಡಿಲವಾದೀತು.

ಎರಡನೆಯದು ಟರ್ಮಿನಲ್ಲಿನದು. ಅಗಲ ಒಂದೇ ಸಮ ಇಲ್ಲದ ಲಿಪಿಯನ್ನು ಸಮ ಮನೆಗಳ ಚೌಕುಳಿಯಲ್ಲಿ ಕೂರಿಸಬೇಕೆ, ಅಥವಾ ಚೌಕುಳಿಯನ್ನೇ ಕೈಬಿಡಬೇಕೆ ಎಂಬುದರ ಬಗ್ಗೆ ಟರ್ಮಿನಲ್ ಬರೆಯುವವರಲ್ಲಿ ಒಮ್ಮತವಿಲ್ಲ.

ಮೂರನೆಯದು ನಾವು ಉತ್ತರಿಸಬೇಕಾದದ್ದು. ಒತ್ತಕ್ಷರ ಒಂದೇ, ಎರಡೇ? ಸಾಲು ಮುರಿಯುವಾಗ ಒಂದೆಂದು ಎಲ್ಲರೂ ಒಪ್ಪುತ್ತೇವೆ. ಅಳಿಸುವ ಕೀಲಿ ಒತ್ತಿದಾಗ ಇಡೀ ‘ಸ್ತ್ರೀ’ ಹೋಗಬೇಕೆ, ದೀರ್ಘ ಮಾತ್ರ ಹೋಗಬೇಕೆ ಎಂದರೆ ಅಭಿಪ್ರಾಯ ಬೇರೆಯಾಗುತ್ತದೆ. ಅಳಿಸುವುದಕ್ಕೊಂದು, ಎಣಿಸುವುದಕ್ಕೊಂದು ನಿಯಮ ಇರಬಾರದೇಕೆ ಎಂಬುದೂ ಚರ್ಚೆಯಾಗಬೇಕು. ಯೂನಿಕೋಡ್ ಸಂಸ್ಥೆ ಪ್ರತಿ ಆವೃತ್ತಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳುತ್ತದೆ, ಯಾರು ಬೇಕಾದರೂ ಬರೆಯಬಹುದು. ಕನ್ನಡದ ಪ್ರೂಫ್ ತಿದ್ದುವವರು, ಡಿಟಿಪಿ ಮಾಡುವವರು, ಶಾಲೆಯಲ್ಲಿ ಅಕ್ಷರ ಕಲಿಸುವವರು, ಕರ್ನಾಟಕದ ಹೊರಗಿದ್ದು ಕನ್ನಡ ಉಳಿಸಿಕೊಂಡವರು ತಾವು ಹೇಗೆ ಎಣಿಸುತ್ತೇವೆಂದು ಉದಾಹರಣೆ ಸಮೇತ ಬರೆದು ಕಳುಹಿಸಬೇಕು.